ಅರಿಸಿನ, ಕರಿಮೆಣಸು ಮತ್ತು ‘ಇಪ್ಪತ್ತು ಪಟ್ಟು’

ಅರಿಸಿನದ ಜೊತೆ ಕರಿಮೆಣಸು ಸೇವಿಸಿದರೆ ಅದರ ಸತ್ತ್ವ ದೇಹಕ್ಕೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆ ಎಂಬ ಮಾತು ಮಾತ್ರೆಗಳ ಡಬ್ಬಿಯ ಮೇಲೂ ಆರೋಗ್ಯ ಅಂಕಣಗಳಲ್ಲೂ ಕಾಣಸಿಗುತ್ತದೆ. ಇದರ ಮೂಲ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಬಂಧ. ನನ್ನ ಆಕ್ಷೇಪ ಆ ಪ್ರಯೋಗದ ಬಗ್ಗೆ ಅಲ್ಲ, ಅದರ ಸಂಖ್ಯೆಯನ್ನು ಬಳಸುತ್ತಿರುವ ರೀತಿಯ ಬಗ್ಗೆ.

ಅರಿಸಿನದಲ್ಲಿರುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಹೀರಿಕೆಯಾದ ಅಲ್ಪಾಂಶಕ್ಕೂ ಕರುಳಿನ ಭಿತ್ತಿ ಮತ್ತು ಯಕೃತ್ತಿನ ಕಿಣ್ವಗಳು ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ಅದು ಬೇಗ ಹೊರಹೋಗುವಂತೆ ಮಾಡುತ್ತವೆ. ಮೆಣಸಿನಲ್ಲಿರುವ ಪೈಪರಿನ್ ಈ ಕಿಣ್ವಗಳನ್ನು ತಡೆಯುತ್ತದೆ. ಆದ್ದರಿಂದ ಕರ್ಕ್ಯುಮಿನ್ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಇಲ್ಲಿಯವರೆಗೆ ವಾದ ಸರಿಯಾಗಿಯೇ ಇದೆ.

ಈಗ ಅನುಪಾತವನ್ನು ನೋಡೋಣ. 2 ಗ್ರಾಂ ಕರ್ಕ್ಯುಮಿನ್ ಮಾತ್ರ ಸೇವಿಸಿದವರ ಸೀರಮ್‌ನಲ್ಲಿ ಅದು ಪತ್ತೆಯಾಗಲಿಲ್ಲ, ಇಲ್ಲವೇ ಅತ್ಯಲ್ಪವಾಗಿತ್ತು. ಒಂದು ಗಂಟೆಯ ನಂತರದ ಅಳತೆ ಮಿಲಿಲೀಟರಿಗೆ 0.006 ± 0.005 ಮೈಕ್ರೋಗ್ರಾಂ. ಅನಿಶ್ಚಿತತೆ ಅಳತೆಯಷ್ಟೇ ದೊಡ್ಡದು! ಛೇದ ಸೊನ್ನೆಯ ಸಮೀಪವಿದ್ದರೆ ಭಾಗಲಬ್ಧ ಎಷ್ಟು ಬೇಕಾದರೂ ಹಿಗ್ಗಬಹುದೆಂದು ಪ್ರಯೋಗಶಾಲೆಯ ಯಾವ ವಿದ್ಯಾರ್ಥಿಗೂ ಗೊತ್ತು. ಅದೇ ಪ್ರಬಂಧದಲ್ಲಿ ಇಲಿಗಳಲ್ಲಿ ಕಂಡ ಹೆಚ್ಚಳ ಶೇ. 154, ಮನುಷ್ಯರಲ್ಲಿ ಶೇ. 2000. ಜಾಹೀರಾತು ಎರಡನೆಯದನ್ನು ಮಾತ್ರ ಆಯ್ದುಕೊಂಡಿದೆ. ‘ಇಪ್ಪತ್ತು ಪಟ್ಟು’ ಎಂದರೆ ‘ಬಹಳ’ ಎಂದಲ್ಲ; ಅತ್ಯಲ್ಪದ ಇಪ್ಪತ್ತು ಪಟ್ಟೂ ಅಲ್ಪವೇ.

ಅಡುಗೆಮನೆಯ ಲೆಕ್ಕವನ್ನೂ ಮಾಡಿ. ಅರಿಸಿನ ಪುಡಿಯ ತೂಕದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಎಂದು ಹಿಡಿದರೆ, 2 ಗ್ರಾಂ ಪಡೆಯಲು 65 ಗ್ರಾಂಗಿಂತ ಹೆಚ್ಚು ಪುಡಿ ಬೇಕು. ಚಿಟಿಕೆ ಅರಿಸಿನ ಹಾಕಿದ ಹಾಲಿಗೆ ಈ ಪ್ರಯೋಗದ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು.

ಇನ್ನೊಂದು ಅಂಶ ಹೆಚ್ಚು ಗಂಭೀರವಾದುದು. ಪೈಪರಿನ್‌ಗೆ ಅರಿಸಿನದ ಮೇಲೆ ವಿಶೇಷ ಒಲವೇನೂ ಇಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಮುಂತಾದ ಔಷಧಿಗಳ ಪ್ರಮಾಣವನ್ನೂ ಅದು ರಕ್ತದಲ್ಲಿ ಏರಿಸುತ್ತದೆ. ಫೆನಿಟಾಯಿನ್‌ನಲ್ಲಿ ಹಿತದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ. 2022ರಲ್ಲಿ ಅಮೆರಿಕದ ವೈದ್ಯರು ಅರಿಸಿನದ ಪೂರಕಗಳಿಂದಾದ ಯಕೃತ್ತಿನ ಹಾನಿಯ ಪ್ರಕರಣಗಳನ್ನು ವರದಿ ಮಾಡಿದರು. ಅವುಗಳಲ್ಲಿ ಕೆಲವು ಪೂರಕಗಳಲ್ಲಿ ಪೈಪರಿನ್ ಕೂಡ ಇತ್ತು. ಸಾರಿನ ಮೆಣಸಿಗೆ ಹೆದರಬೇಕಾಗಿಲ್ಲ. ಆದರೆ ನಿತ್ಯ ಔಷಧಿ ಸೇವಿಸುವವರು ಇಂತಹ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಹೀರಿಕೆ ಹೆಚ್ಚಿತೆಂದರೆ ರೋಗ ಗುಣವಾಯಿತೆಂದಲ್ಲ. ಅದನ್ನು ಬೇರೆಯೇ ಪ್ರಯೋಗಗಳು ತೋರಿಸಬೇಕು. ‘ಇಷ್ಟು ಪಟ್ಟು’ ಎಂಬ ಹೇಳಿಕೆ ಕಂಡಾಗ ‘ಯಾವುದರ ಇಷ್ಟು ಪಟ್ಟು?’ ಎಂದು ಕೇಳುವುದನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ರೂಢಿ ಮಾಡಿಸಿದರೆ ಸಾಕು.