ಶಾಲೆಯ ಒಲವು: ಒಂದು ಚಲಚ್ಚಿತ್ರದ ಔಚಿತ್ಯ ವಿಚಾರ

ಪ್ರೌಢಶಾಲೆಯ ಮಕ್ಕಳು ಪ್ರೇಮದ ಕಥೆಯುಳ್ಳ ಚಲಚ್ಚಿತ್ರಗಳನ್ನು ನೋಡಬಹುದೆ ಎಂಬ ಪ್ರಶ್ನೆ ಅಮರಾಪುರ, ಮಡಕಶಿರಾ, ರಾಯದುರ್ಗಗಳ ಕನ್ನಡ ಅಧ್ಯಾಪಕರಾದ ನಮ್ಮ ಮುಂದೆ ಆಗಾಗ ಬಂದು ನಿಲ್ಲುತ್ತದೆ. ಬೇಡವೆನ್ನುವುದು ಸುಲಭ. ಆದರೆ ಚಿತ್ರಮಂದಿರದ ಮೆಟ್ಟಿಲು ಹತ್ತದ ಮಗುವಿನ ಕೈಗೂ ಇಂದು ಮೊಬೈಲಿನಲ್ಲಿ ಚಿತ್ರ ಬಂದು ಸೇರುತ್ತಿರುವಾಗ, ನಿಷೇಧಕ್ಕಿಂತ ವಿವೇಚನೆಯೇ ಹೆಚ್ಚು ಉಪಕಾರಿ.

ಈ ವಿವೇಚನೆಗೆ ನಾವು ಆರಿಸಿಕೊಂಡಿರುವುದು ರಿಷಬ್ ಶೆಟ್ಟಿಯವರು ನಿರ್ದೇಶಿಸಿ 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರ. ಆ ಸಾಲಿನ ಶ್ರೇಷ್ಠ ಮಕ್ಕಳ ಚಿತ್ರವೆಂದು ಅದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕಥೆ ನಮಗೆ ಪರಕೀಯವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಸೀಮೆ ಆಂಧ್ರದಲ್ಲಿಯೇ ಉಳಿಯಿತು. ಮುಚ್ಚಿಹೋದ ಕನ್ನಡ ಶಾಲೆಯನ್ನು ಮತ್ತೆ ತೆರೆಸಲು ಹೊರಡುವ ಮಕ್ಕಳ ಸಾಹಸ ಚಿತ್ರದ ಬೆನ್ನೆಲುಬು. ಅದರ ಪಕ್ಕದಲ್ಲಿಯೇ, ಪ್ರವೀಣನೆಂಬ ಹುಡುಗನಿಗೆ ಸಹಪಾಠಿ ಪಲ್ಲವಿಯ ಮೇಲೆ ಹುಟ್ಟಿದ ಒಲವಿನ ಹಾಸ್ಯವೂ ಹರಿಯುತ್ತದೆ. ಹಿರಿಯರ ಆಕ್ಷೇಪಣೆ ಏಳುವುದು ಈ ಎರಡನೆಯದಕ್ಕೆ.

ಶೃಂಗಾರದಿಂದ ಹಾಸ್ಯ ಹುಟ್ಟುವುದೆಂದು ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ದೊಡ್ಡವರ ಪ್ರಣಯವನ್ನು ಮೀಸೆ ಮೂಡದ ಹುಡುಗ ಅನುಕರಿಸಹೊರಟರೆ ಅದು ಶೃಂಗಾರವಾಗದೆ ನಗೆಯಾಗುತ್ತದೆ. ಚಿತ್ರದ ಪೂರ್ವಾರ್ಧದ ಸೊಗಸೆಲ್ಲ ಇಲ್ಲಿದೆ. ಹುಡುಗನ ತವಕವನ್ನು ನಿರ್ದೇಶಕರು ಮಹಾಪ್ರೇಮವೆಂದು ಮೆರೆಸಿಲ್ಲ; ಪಾಪವೆಂದು ಹಳಿದೂ ಇಲ್ಲ. ನೋಡುವ ಬಾಲಕ ತನ್ನನ್ನೇ ಅಲ್ಲಿ ಕಂಡು, ನಕ್ಕು, ಹಗುರಾಗುತ್ತಾನೆ. 2007ರ ‘ಚೆಲುವಿನ ಚಿತ್ತಾರ’ದೊಡನೆ ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ಅಲ್ಲಿ ಶಾಲಾಬಾಲಕಿಯ ಪ್ರೇಮವೇ ಬಾಳಿನ ಸರ್ವಸ್ವ. ಕಥೆ ದುರಂತದಲ್ಲಿ ಮುಗಿದರೂ, ಎಳೆಯ ಮನಸ್ಸಿನಲ್ಲಿ ಆ ದುರಂತಕ್ಕಿಂತ ಮನೆಬಿಟ್ಟು ಓಡಿದ ಬೆಡಗೇ ನಿಲ್ಲುವ ಅಪಾಯವುಂಟು.

ಆದರೂ ನಮ್ಮ ಮೆಚ್ಚಿನ ಚಿತ್ರದಲ್ಲಿ ಎರಡು ಕೊರತೆಗಳಿವೆ. ನೋಟವೆಲ್ಲ ಹುಡುಗನದು, ಪಲ್ಲವಿಯ ಮನಸ್ಸಿಗೆ ಅಲ್ಲಿ ಸಾಕಷ್ಟು ಎಡೆಯಿಲ್ಲ. ಇದು ಸಣ್ಣ ಮಾತಲ್ಲ. ಹುಡುಗಿಯ ಹೆಸರು ಯಾರೊಡನೆಯೋ ಕೇಳಿಬಂದರೆ ಸಾಕು, ಅವಳನ್ನು ಶಾಲೆ ಬಿಡಿಸಿ ಮದುವೆಯ ಮಾತೆತ್ತುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹುಡುಗನಿಗೆ ತಮಾಷೆಯಾದದ್ದು ಅವಳಿಗೆ ಓದಿನ ಕೊನೆಯಾಗಬಹುದು. ರೂಪಾ ರಾವ್ ಅವರ ‘ಗಂಟುಮೂಟೆ’ (2019) ಪ್ರೌಢಶಾಲೆಯ ಒಲವನ್ನು ಮೀರಾ ಎಂಬ ಹುಡುಗಿಯ ಕಣ್ಣಿನಿಂದಲೇ ಕಾಣಿಸಿ, ಇಂಥ ಕಥೆಗಳಲ್ಲಿ ಯಾವ ಅರ್ಧ ಹೇಳದೆ ಉಳಿದಿತ್ತೆಂಬುದನ್ನು ತೋರಿಸಿಕೊಟ್ಟಿತು.

ಎರಡನೆಯದು, ಕನ್ನಡ ಬಾರದ ಮಲಯಾಳಿ ಅಧ್ಯಾಪಕನನ್ನು ನಗೆಗೆ ಗುರಿಮಾಡಿದ್ದು. ಭಾಷೆಯರಿಯದ ಅಧ್ಯಾಪಕನನ್ನು ಕಳಿಸಿದ ಆಡಳಿತ ತಪ್ಪಿತಸ್ಥ, ನಿಜ. ಆದರೆ ತೆಲುಗು ಮನೆಗಳ ಪಕ್ಕದಲ್ಲಿ ಬೆಳೆಯುವ ನಮ್ಮ ಮಕ್ಕಳು, ನುಡಿಯ ಅಭಿಮಾನವೆಂದರೆ ಪರನುಡಿಯವರ ಅಪಹಾಸ್ಯವೆಂದು ತಿಳಿಯಬಾರದು.

ಔಚಿತ್ಯವೇ ಕಾವ್ಯದ ಜೀವಿತವೆಂಬುದು ಕ್ಷೇಮೇಂದ್ರನ ಮತ. ಮಕ್ಕಳ ಚಿತ್ರದಲ್ಲಿ ಔಚಿತ್ಯವನ್ನು ಅಳೆಯಬೇಕಾದದ್ದು ಪ್ರೇಮವಿದೆಯೇ ಇಲ್ಲವೇ ಎಂಬುದರಿಂದಲ್ಲ. ನಗೆ ಯಾರನ್ನು ನೋಯಿಸುತ್ತದೆ, ಯಾರ ದನಿ ಕೇಳಿಸುವುದಿಲ್ಲ ಎಂಬುದರಿಂದ. ಆ ಅಳತೆಯಲ್ಲಿ ಈ ಚಿತ್ರ ಎಂಟು, ಒಂಬತ್ತು, ಹತ್ತನೆಯ ತರಗತಿಗಳವರಿಗೆ ಯೋಗ್ಯವೆಂದೇ ನಮ್ಮ ತೀರ್ಮಾನ. ಆದರೆ ಅಧ್ಯಾಪಕರೂ ಜೊತೆಯಲ್ಲಿ ಕುಳಿತು ನೋಡಬೇಕು. ಮರುದಿನ ತರಗತಿಯಲ್ಲಿ, ಕಥೆಯನ್ನು ಪಲ್ಲವಿಯೇ ಹೇಳಿದ್ದರೆ ಹೇಗೆ ಹೇಳುತ್ತಿದ್ದಳೆಂದು ಹುಡುಗರಿಂದಲೂ ಹುಡುಗಿಯರಿಂದಲೂ ಒಂದೊಂದು ಪುಟ ಬರೆಯಿಸಬೇಕು. ಚಿತ್ರ ಬಿಟ್ಟ ಪಾಠವನ್ನು ನಮ್ಮ ಮಕ್ಕಳೇ ತುಂಬಿಕೊಡುವರೆಂಬ ಭರವಸೆ ನಮಗಿದೆ.