ಮಾತು ಯಾರದು? ವ್ಯಾಕರಣ ಬೋಧನೆಯನ್ನೂ ಆಕರ ನಿರ್ದೇಶನವನ್ನೂ ಕುರಿತು

ಮಾದಾಪುರವು ಕೊಡಗಿನಲ್ಲಿ ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಇರುವ ಊರು. ಇಂಥ ಊರಿನ ತರಗತಿಯಲ್ಲಿ ಕನ್ನಡ ಪ್ರಬಂಧ ಬರೆಯಲು ಕುಳಿತವರ ಮನೆಮಾತು ಒಂದೇ ಆಗಿರುವುದಿಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಇವುಗಳಲ್ಲಿ ಯಾವುದಾದರೂ ಇರಬಹುದು. ಇವರ ಬರವಣಿಗೆಯನ್ನು ಕುರಿತು ಅಧ್ಯಾಪಕರು ಸಾಮಾನ್ಯವಾಗಿ ಹೇಳುವ ದೂರುಗಳು ಎರಡು: ಒಂದು, ವ್ಯಾಕರಣ ಶುದ್ಧವಿಲ್ಲ, ಇನ್ನೊಂದು, ಪುಸ್ತಕದ ಸಾಲುಗಳನ್ನು ಹೆಸರು ಹೇಳದೆ ಎತ್ತಿ ಬರೆಯುತ್ತಾರೆ. ಮೊದಲನೆಯದಕ್ಕೆ ಮದ್ದು ಸೂತ್ರಗಳ ಬಾಯಿಪಾಠ. ಎರಡನೆಯದಕ್ಕೆ ನೀತಿಯ ಉಪದೇಶ. ಈ ಎರಡೂ ಬೇರೆ ಬೇರೆ ರೋಗಗಳೆಂಬ ಭಾವನೆಯನ್ನು ಇಲ್ಲಿ ವಿಮರ್ಶಿಸಬಯಸುತ್ತೇವೆ.

ಮೊದಲು ದೋಷಗಳ ಸ್ವರೂಪವನ್ನು ನೋಡೋಣ. ಕನ್ನಡದಲ್ಲಿ ‘ಬಂದನು, ಬಂದಳು, ಬಂದಿತು’ ಎಂದು ಕ್ರಿಯಾಪದವೇ ಲಿಂಗವನ್ನು ತಿಳಿಸುತ್ತದೆ. ಮಲಯಾಳದಲ್ಲಿ ಅವನಿಗೂ ಅವಳಿಗೂ ಅವರಿಗೂ ‘ವನ್ನು’ ಎಂಬ ಒಂದೇ ರೂಪ ಸಾಕು. ಕೊಡವ ತಕ್ಕಿನಲ್ಲಿಯೂ ಪ್ರಥಮ ಪುರುಷದ ಕ್ರಿಯಾರೂಪವು ಲಿಂಗವಚನಗಳನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಹೀಗಿರಲು ಆ ಮನೆಗಳ ಹುಡುಗನು ‘ಅವರು ಬಂತು’ ಎಂದು ಬರೆದರೆ ಅದು ಅಜ್ಞಾನವಲ್ಲ; ಮನೆಯ ವ್ಯಾಕರಣವು ಶಾಲೆಯ ವ್ಯಾಕರಣದೊಳಗೆ ಇಣುಕಿದ್ದು ಅಷ್ಟೆ. ಇದನ್ನು ಅಧ್ಯಾಪಕನು ತಿಳಿದಿದ್ದರೆ ಕೆಂಪು ಗೆರೆಯ ಬದಲು ಎರಡು ಭಾಷೆಗಳ ಹೋಲಿಕೆಯಿಂದಲೇ ಪಾಠವನ್ನು ಆರಂಭಿಸಬಹುದು.

ಇನ್ನು ಎರಡನೆಯ ದೂರು. 2018ರ ಆಗಸ್ಟ್ ತಿಂಗಳಲ್ಲಿ ಮಳೆಗೆ ಗುಡ್ಡಗಳು ಕುಸಿದು ಮಕ್ಕಂದೂರು, ಹಟ್ಟಿಹೊಳೆಗಳ ಸುತ್ತ ಮನೆತೋಟಗಳು ಹಾಳಾದವು. ಈ ವಿಷಯವನ್ನು ಕುರಿತು ವಿದ್ಯಾರ್ಥಿನಿಯೊಬ್ಬಳು ಪ್ರಬಂಧ ಬರೆಯುತ್ತಾಳೆಂದು ಭಾವಿಸೋಣ. ಗುಡ್ಡ ಜಾರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಹಿಂದಿನ ರಾತ್ರಿ ನೆಲದಡಿಯಲ್ಲಿ ನೀರಿನ ಸದ್ದು ಕೇಳಿಸಿತೆಂದು ಅಜ್ಜಿ ಹೇಳಿದ್ದಾರೆ. ಪಕ್ಕದ ಊರಿನಲ್ಲಿ ಹೊಳೆ ದಿಕ್ಕು ಬದಲಿಸಿತಂತೆ. ಇಳಿಜಾರನ್ನು ಕಡಿದು ಮಾರ್ಪಡಿಸಿದ್ದೂ ಕುಸಿತಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ತಿಳಿಸಿದೆ. ಇಲ್ಲಿ ಪ್ರತ್ಯಕ್ಷವೊಂದು, ಹೆಸರುಳ್ಳ ಸಾಕ್ಷಿಯೊಂದು, ಜನವಾರ್ತೆಯೊಂದು, ತಜ್ಞರ ಅಭಿಪ್ರಾಯವೊಂದು. ಇವೆಲ್ಲವನ್ನೂ ‘ಕುಸಿಯಿತು, ಕೇಳಿಸಿತು, ಬದಲಿಸಿತು, ಕಾರಣವಾಯಿತು’ ಎಂದು ಒಂದೇ ಧಾಟಿಯಲ್ಲಿ ಬರೆದರೆ ವ್ಯಾಕರಣ ತಪ್ಪಿಲ್ಲ. ಆದರೆ ಸತ್ಯ ತಪ್ಪಿದೆ. ಕೊನೆಯ ವಾಕ್ಯವಂತೂ ಆಧಾರವಿಲ್ಲದೆ ನಿಂತರೆ ನೆರೆಮನೆಯವರ ಮೇಲಿನ ಆರೋಪವಾಗಬಹುದು. ಆಧಾರದೊಡನೆ ನಿಂತರೆ ವಿಚಾರವಾಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಭೇದವನ್ನು ತೋರಿಸುವ ಸಾಧನಗಳು ಕನ್ನಡದಲ್ಲಿಯೇ ಇವೆ. ಹೇಳಿದವರನ್ನು ಜೋಡಿಸುವುದಕ್ಕೆ ‘ಎಂದು’, ಕೇಳಿದ ಸುದ್ದಿಗೆ ‘ಅಂತೆ’, ಪರರ ಮಾತಿನೊಳಗೆ ಆ ಪರರನ್ನೇ ಸೂಚಿಸುವುದಕ್ಕೆ ‘ತಾನು’. ಇವು ವಿದ್ಯಾರ್ಥಿಗಳಿಗೆ ಹೊಸವೂ ಅಲ್ಲ. ಮಲಯಾಳದ ‘ಎನ್ನ್’ ನಮ್ಮ ‘ಎಂದು’ವಿನ ಒಡಹುಟ್ಟು, ತಮಿಳಿನ ‘ವಂದಾನಾಮ್’ ಎಂಬುದರ ಕೊನೆಯ ‘ಆಮ್’ ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುತ್ತದೆ. ಮನೆಯಲ್ಲಿ ಈ ಮಕ್ಕಳು ‘ನಾನು ಕಂಡದ್ದು’, ‘ಅಜ್ಜಿ ಹೇಳಿದ್ದು’, ‘ಯಾರೋ ಅಂದದ್ದು’ ಎಂಬುದನ್ನು ಎಂದೂ ಬೆರೆಸುವುದಿಲ್ಲ. ಬೆರೆಸಲು ಕಲಿಯುವುದು ನಮ್ಮ ತರಗತಿಗಳಲ್ಲಿ. ‘ಅಂತೆ’ಯನ್ನು ಆಡುಮಾತೆಂದು ಹೊಡೆದುಹಾಕಿ, ‘ಎಂದು ಹೇಳಲಾಗುತ್ತದೆ’ ಎಂಬ ಪ್ರೌಢ ರೂಪವನ್ನು ನಾವೇ ಕಲಿಸುತ್ತೇವೆ. ಹೇಳಿದವರು ಯಾರು? ಆ ವಾಕ್ಯದಲ್ಲಿ ಅವರಿಗೆ ಸ್ಥಳವೇ ಇಲ್ಲ. ಆಕರವನ್ನು ಮುಚ್ಚುವ ವಾಕ್ಯವನ್ನು ಮಾದರಿಯಾಗಿ ಕೊಟ್ಟು, ಆಕರವನ್ನು ಮುಚ್ಚಿದನೆಂದು ವಿದ್ಯಾರ್ಥಿಯನ್ನು ದೂರುವುದು ಎಷ್ಟು ನ್ಯಾಯ?

ಎತ್ತಿ ಬರೆಯುವ ಚಾಳಿಯ ಮೂಲವೂ ಬಹುಮಟ್ಟಿಗೆ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪುಸ್ತಕದಲ್ಲಿ ‘ನಾನು ಕಂಡೆನು’ ಎಂದಿರುವುದನ್ನು ‘ತಾನು ಕಂಡುದಾಗಿ ಲೇಖಕರು ಬರೆದಿದ್ದಾರೆ’ ಎಂದು ತಿರುಗಿಸಲು ಸರ್ವನಾಮ, ಕೃದಂತ, ಕ್ರಿಯಾಪದ ಮೂರೂ ಬದಲಾಗಬೇಕು. ಈ ತಿರುವು ಕೈಗೆ ಬಾರದವನಿಗೆ ಇರುವ ಸುಲಭದ ದಾರಿ ಒಂದೇ: ಇದ್ದದ್ದನ್ನು ಇದ್ದಂತೆಯೇ ಇಳಿಸುವುದು. ಇಂಥ ಕಡೆ ಕಳ್ಳತನವೆಂದು ಕಾಣುವುದು ಎಷ್ಟೋ ಸಲ ಕಲಿಯದೆ ಉಳಿದ ವಾಕ್ಯರಚನೆಯ ಪಾಠವೇ ಆಗಿರುತ್ತದೆ. ತಿಳಿದೂ ಕದಿಯುವವರು ಇಲ್ಲವೆಂದು ನಾವು ಹೇಳುತ್ತಿಲ್ಲ. ತಿಳಿಯದವರನ್ನು ಅವರ ಸಾಲಿನಲ್ಲಿ ನಿಲ್ಲಿಸಬಾರದೆಂಬುದಷ್ಟೇ ನಮ್ಮ ಮಾತು.

ನಮ್ಮ ವ್ಯಾಕರಣ ಪರಂಪರೆಯಿಂದಲೂ ಇಲ್ಲಿ ಕಲಿಯಬೇಕಾದುದಿದೆ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಪೀಠಿಕೆಯಲ್ಲಿಯೇ ಗಜಗ, ಗುಣನಂದಿ, ಅಸಗ, ಪೊನ್ನ ಮೊದಲಾದ ಕವಿಗಳನ್ನು ಹೆಸರಿಸಿ, ಅವರ ಪ್ರಯೋಗಗಳೇ ತನಗೆ ಲಕ್ಷ್ಯವೆಂದು ತಿಳಿಸುತ್ತಾನೆ. ಅಸಗನ ಕನ್ನಡ ಕೃತಿಯಾಗಲಿ ಗಜಗನ ಕಾವ್ಯವಾಗಲಿ ಇಂದು ನಮಗೆ ದೊರೆತಿಲ್ಲ; ಹೆಸರುಗಳು ಉಳಿದಿರುವುದು ಇಂಥ ಸ್ಮರಣೆಗಳಿಂದ. ಆದರೆ ಅದೇ ಕೇಶಿರಾಜನು ಸೂತ್ರಗಳ ಕೆಳಗೆ ಉದಾಹರಿಸುವ ಪದ್ಯಗಳಿಗೆ ಸಾಮಾನ್ಯವಾಗಿ ಕವಿಯ ಹೆಸರನ್ನು ಹೇಳುವುದಿಲ್ಲ. ಅವು ಯಾರವೆಂದು ಪತ್ತೆಹಚ್ಚಲು ಮುಂದಿನ ವಿದ್ವಾಂಸರು ಬಹಳ ಶ್ರಮಪಡಬೇಕಾಯಿತು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಶಬ್ದಗಳೊಡನೆ ಆಕರಗಳ ಸಂಕೇತಾಕ್ಷರಗಳನ್ನು ಕೊಟ್ಟು ಓದುಗನಿಗೆ ಆ ಶ್ರಮವನ್ನು ಕಡಮೆಮಾಡಿತು. ಆಕರ ನಿರ್ದೇಶನವೆಂಬುದು ಪರೀಕ್ಷೆಯ ಕಟ್ಟಳೆಯಲ್ಲ, ಮುಂದೆ ಬರುವ ಓದುಗನಿಗೆ ಮಾಡುವ ಉಪಕಾರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕೊಡಗಿನ ವಿದ್ಯಾರ್ಥಿಗೆ ಇನ್ನೂ ಹತ್ತಿರದ ನಿದರ್ಶನ, ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆ. ಅದರಲ್ಲಿ ಪರಂಪರೆಯ ಹಾಡುಗಳು ಕೊಡವ ತಕ್ಕಿನಲ್ಲಿಯೂ ಸಂಗ್ರಾಹಕರ ವಿವರಣೆ ಕನ್ನಡ ಗದ್ಯದಲ್ಲಿಯೂ ಇವೆ. ಹುತ್ತರಿಯ ವಿಷಯವಾಗಿ ಬರೆಯುವವನು ಇವೆರಡನ್ನೂ ಬೆರೆಸದೆ, ಹಾಡಿನ ಮಾತು ಯಾವುದು, ಚಿಣ್ಣಪ್ಪನವರ ಮಾತು ಯಾವುದು, ತನ್ನ ಮನೆಯ ರೂಢಿ ಯಾವುದು ಎಂದು ಬೇರ್ಪಡಿಸಿ ಬರೆಯಬೇಕು. ಅಜ್ಜಿಯ ಮಾತೂ ಆಕರವೇ. ಅಚ್ಚಾದದ್ದು ಮಾತ್ರ ಆಧಾರವೆಂದು ಕಲಿಸಿದರೆ, ಬಾಯಿಂದ ಬಾಯಿಗೆ ಬಂದ ಅರಿವಿನ ಮನೆಗಳಿಂದ ಬಂದವರಿಗೆ ಬರೆಯಲು ಏನೂ ಉಳಿಯದು. ಆಗ ಅವರು ಗೈಡುಗಳ ಮೊರೆಹೋಗುವುದರಲ್ಲಿ ಆಶ್ಚರ್ಯವೇನು?

ಆದಕಾರಣ ನಮ್ಮ ಸೂಚನೆ ಚಿಕ್ಕದು. ಸಂಧಿಸಮಾಸಗಳಿಗೆ ಕೊಡುವ ಕಾಲದಲ್ಲಿ ಸ್ವಲ್ಪವನ್ನು ಪರೋಕ್ಷ ವಾಕ್ಯಕ್ಕೆ ಕೊಡಬೇಕು. ಒಂದೇ ಸಂಗತಿಯನ್ನು ಕಂಡಂತೆ, ಹೆಸರಿಸಿದವರು ಹೇಳಿದಂತೆ, ಕೇಳಿಬಂದಂತೆ ಮೂರು ಬಗೆಯಲ್ಲಿ ಬರೆಯಿಸಬೇಕು; ಮೊದಲು ಮನೆಮಾತಿನಲ್ಲಿ ಹೇಳಿಸಿ, ಬಳಿಕ ಕನ್ನಡಕ್ಕೆ ತರಿಸಬೇಕು. ಪಠ್ಯದ ಭಾರಕ್ಕೆ ಬಿಡುವಿಲ್ಲವೆಂಬ ಆಕ್ಷೇಪವನ್ನು ನಾವು ಬಲ್ಲೆವು. ಆದರೆ ಪ್ರತಿಯೊಂದು ಪ್ರಬಂಧದಲ್ಲಿಯೂ ‘ಇದು ಯಾರ ಮಾತು?’ ಎಂದು ಅಂಚಿನಲ್ಲಿ ಕೇಳುವುದಕ್ಕೆ ಬೇರೆ ಅವಧಿ ಬೇಕಾಗಿಲ್ಲ. ಆ ಪ್ರಶ್ನೆಗೆ ವಿದ್ಯಾರ್ಥಿಯು ತನ್ನ ವಾಕ್ಯದಲ್ಲಿಯೇ ಉತ್ತರ ಕೊಡಬಲ್ಲವನಾದ ದಿನ, ಅವನು ವ್ಯಾಕರಣವನ್ನೂ ಕಲಿತನು, ಪ್ರಾಮಾಣಿಕತೆಯನ್ನೂ ಕಲಿತನು.