ಪ್ರೋಟೀನಿನ ಆಕಾರಕ್ಕೆ ಮನೆತನದ ಭವಿಷ್ಯ ಗೊತ್ತೇ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಸಂಬಂಧ ನೋಡುವಾಗ "ಅವರ ಮನೆತನದಾಗ ಹುಚ್ಚು ಅದ" ಎಂದು ಯಾರಾದರೂ ಅಂದರೆ ಸಾಕು, ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಆ ಮಾತಿಗೆ ಈಗ ವಿಜ್ಞಾನದ ಮುದ್ರೆಯೂ ಬೀಳಬಹುದು. 2023ರಲ್ಲಿ ಬಂದ ಆಲ್ಫಾಮಿಸೆನ್ಸ್ ಎಂಬ ಕಂಪ್ಯೂಟರ್ ಮಾದರಿ, ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲದ ಜಾಗಕ್ಕೆ ಇನ್ನೊಂದು ಬಂದರೆ ಎಷ್ಟು ಹಾನಿಯೆಂದು ಸುಮಾರು 7.1 ಕೋಟಿ ಬದಲಾವಣೆಗಳಿಗೆ ಅಂಕ ಕೊಟ್ಟಿದೆ. ಸಾಧನೆ ದೊಡ್ಡದೇ. ಆದರೆ ಆ ಅಂಕ ಅಳೆಯುವುದು ಪ್ರೋಟೀನಿಗೆ ಬಿದ್ದ ಪೆಟ್ಟನ್ನು. ಮನುಷ್ಯನಿಗೆ ಮನೋರೋಗ ಬರುವ ಸಂಭವವನ್ನಲ್ಲ.

ಸಿಎಸಿಎನ್ಎ1ಸಿ ಜೀನನ್ನೇ ನೋಡಿ. ಅದರಿಂದಾಗುವ ಪ್ರೋಟೀನು ಹೃದಯ, ಮಿದುಳಿನ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲು. 406ನೇ ಸ್ಥಾನದಲ್ಲಿ ಪುಟ್ಟ ಗ್ಲೈಸೀನ್ ಹೋಗಿ, ದೊಡ್ಡ ಗಾತ್ರದ, ವಿದ್ಯುದಂಶವುಳ್ಳ ಆರ್ಜಿನೀನ್ ಬಂದು ಕೂತರೆ ಬಾಗಿಲು ಹೊತ್ತಿಗೆ ಮುಚ್ಚುವುದಿಲ್ಲ. ಫಲ ಟಿಮೊಥಿ ಸಿಂಡ್ರೋಮ್: ಹೃದಯದ ಲಯ ತಪ್ಪುತ್ತದೆ, ಹಲವು ಮಕ್ಕಳಲ್ಲಿ ಆಟಿಸಂ ಕಾಣುತ್ತದೆ. ಇಲ್ಲಿ ಪ್ರೋಟೀನಿನ ಆಕಾರವೇ ಕಾರಣ ಹೇಳುತ್ತದೆ. ಆದರೆ ಬೈಪೋಲಾರ್ ಕಾಯಿಲೆಯೊಂದಿಗೆ ತಳುಕು ಹಾಕಿಕೊಂಡ, ಇದೇ ಜೀನಿನ ಸಾಮಾನ್ಯ ಬದಲಾವಣೆ ಇರುವುದು ಪ್ರೋಟೀನಿಗೆ ಅನುವಾದವಾಗದ ಭಾಗದಲ್ಲಿ. ಒಂದು ಅಮೈನೋ ಆಮ್ಲವೂ ಕದಲಿಲ್ಲ. ಆಕಾರ ಓದುವವರಿಗೆ ಅಲ್ಲಿ ಓದಲು ಏನೂ ಇಲ್ಲ. 2022ರಲ್ಲಿ ಸ್ಕಿಜೋಫ್ರೇನಿಯಾಕ್ಕೆ ಗುರುತಿಸಿದ 287 ಡಿಎನ್ಎ ತಾಣಗಳಲ್ಲಿ ಬಹುಪಾಲಿನ ಕತೆಯೂ ಇದೇ, ಒಂದೊಂದರ ಪ್ರಭಾವವೂ ಅಲ್ಪ.

ಅಪರೂಪದ, ಜೋರಾದ ಬದಲಾವಣೆಗಳಲ್ಲಾದರೂ ಅಂಕ ನಂಬಬಹುದಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಅದೇ 2022ರಲ್ಲಿ ಸ್ಕೀಮಾ ಎಂಬ ಸ್ಕಿಜೋಫ್ರೇನಿಯಾ ಅಧ್ಯಯನ ಅಂಥ ಹತ್ತು ಜೀನುಗಳನ್ನು ತೋರಿಸಿತು. ಅವುಗಳಲ್ಲೊಂದಾದ ಗ್ರಿನ್2ಎ ತುಂಡಾದರೆ ಸ್ಕಿಜೋಫ್ರೇನಿಯಾದ ಅಪಾಯ ಏರುತ್ತದೆ. ಅದರ ಪ್ರೋಟೀನು ಜೀವಕೋಶದ ಪೊರೆ ದಾಟುವ ಭಾಗದಲ್ಲಿ ಅಮೈನೋ ಆಮ್ಲ ಬದಲಾದರೆ ಮಗುವಿಗೆ ತೀವ್ರ ಬೆಳವಣಿಗೆ ದೋಷ, ಅಪಸ್ಮಾರ. ಎರಡಕ್ಕೂ "ಹಾನಿಕರ" ಎಂಬ ಒಂದೇ ಚೀಟಿ ಅಂಟಿಸಿ ಏನು ಪ್ರಯೋಜನ? ಬದಲಾವಣೆ ಎಲ್ಲಿ ಕೂತಿದೆ ಎಂಬುದೇ ಮುಖ್ಯ, ಆಕಾರಶಾಸ್ತ್ರದ ನಿಜವಾದ ಉಪಯೋಗ ಅಲ್ಲಿದೆ.

ಇನ್ನೊಂದು ತೊಡಕು: ಇಂಥ ಅಧ್ಯಯನಗಳ ಮಾಹಿತಿ ಹೆಚ್ಚಾಗಿ ಯುರೋಪ್ ಮೂಲದವರದು, ಅದನ್ನು ಇಲ್ಲಿಗೆ ಹಾಗೇ ಹೊಂದಿಸಲಾಗದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಭಾಗದಲ್ಲಿ ಒಂದೇ ಬದಲಾವಣೆ ತಂದೆ-ತಾಯಿ ಇಬ್ಬರಿಂದಲೂ ಮಗುವಿಗೆ ಇಳಿಯುವ ಸಂಭವ ಹೆಚ್ಚು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ 2016ರಲ್ಲಿ ಆರಂಭಿಸಿದ ಯೋಜನೆ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಇದಕ್ಕೇ: ಹಲವರಿಗೆ ಕಾಯಿಲೆಯಿರುವ ಕುಟುಂಬಗಳನ್ನು ಹಿಡಿದು, ಅವರ ರಕ್ತದಿಂದಲೇ ಕಾಂಡಕೋಶ, ಅದರಿಂದ ನರಕೋಶ ಬೆಳೆಸಿ ನೋಡುತ್ತದೆ. ಕೆಲಸ ನಿಧಾನ, ಖರ್ಚೂ ಹೆಚ್ಚು. ಅದಿಲ್ಲದೆ ಬರೀ ಅಂಕದ ಹಾಳೆ ಹಿಡಿದು ಯಾರಾದರೂ ಮನೆತನದ ಮಾತೆತ್ತಿದರೆ, ಯಾವ ಜೀನು, ಯಾವ ಜಾಗ, ಮನೆಯಲ್ಲಿ ಆರೋಗ್ಯವಾಗಿರುವವರಲ್ಲೂ ಅದು ಇದೆಯೇ ಎಂದು ಕೇಳಿ.